ಮುಖ ನೋಡಿ ಮಣೆ ಹಾಕುವ ಮುನ್ನ



ಬೆಂಗಳೂರಿನ ಅಂಬೇಡ್ಕರ್ ವೀದಿಯಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಿದರೆ ನೂರೈವತ್ತು ವರ್ಷಗಳ ಕಚೇರಿ ಕಟ್ಟಡಗಳ ಇತಿಹಾಸ ಕಾಣಸಿಗುತ್ತದೆ. ಒಂದು ಬದಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಇಂದಿನ ಉಚ್ಚ ನ್ಯಾಯಾಲಯ. ಅದರ ಎದುರಿಗೆ ವಿಧಾನಸೌಧ. ಅದರ ಮಗ್ಗುಲಲ್ಲಿ ಅದರದೇ ತಮ್ಮನಂತೆ ಕಾಣುವ ವಿಕಾಸಸೌಧ. ಅದೇ ರಸ್ತೆಯಲ್ಲಿ ಬಹುಮಹಡಿ ಕಟ್ಟಡ, ವಿಶ್ವೇಶ್ವರಯ್ಯ ಗೋಪುರ. ಸ್ವಲ್ಪ ದೂರ ಹೋದರೆ ಮಹಾತ್ಮ ಗಾಂಧಿ ರಸ್ತೆಯ ಯುಟಿಲಿಟಿ ಬಿಲ್ಡಿಂಗ್; ವಿಠ್ಠಲ ಮಲ್ಯ ರಸ್ತೆಗೆ ಹೊರಳಿದರೆ ಯು.ಬಿ. ಸಿಟಿ.

ಇವುಗಳಲ್ಲಿ ಯಾವುದು ಚೆಂದ ಎಂದು ನಾಲ್ಕು ಜನರನ್ನು ಕೇಳಿ ನೋಡಿ, ಐದು ಅಭಿಪ್ರಾಯ ಬರುತ್ತವೆ. ಒಬ್ಬರಿಗೆ ವಿಧಾನಸೌಧ ಕಲ್ಲಿನಲ್ಲಿ ಬರೆದ ಕಾವ್ಯ, ಇನ್ನೊಬ್ಬರಿಗೆ ಅದು ಪ್ರಜಾಪ್ರಭುತ್ವಕ್ಕೆ ತೊಡಿಸಿದ ಅರಸನ ಪೋಷಾಕು. ಒಬ್ಬರಿಗೆ ಕಾಂಕ್ರೀಟ್ ಗೋಪುರ ಪ್ರಾಮಾಣಿಕ ಕಟ್ಟಡ, ಇನ್ನೊಬ್ಬರಿಗೆ ಸಿಮೆಂಟಿನ ಗೋದಾಮು. ಗಾಜಿನ ಕಟ್ಟಡ ಒಬ್ಬರಿಗೆ ಪ್ರಗತಿಯ ಗುರುತು, ಮತ್ತೊಬ್ಬರಿಗೆ ಊರು ಕೇರಿ ಇಲ್ಲದ ಪರದೇಶಿ. ಇವತ್ತು ನಾನು ಇವರಲ್ಲಿ ಒಬ್ಬರ ಪಕ್ಷ ವಹಿಸಲು ಬಂದವನಲ್ಲ. ಈ ಅಭಿಪ್ರಾಯಗಳು ಎಲ್ಲಿಂದ ಹುಟ್ಟುತ್ತವೆ, ಮತ್ತು ಅವುಗಳಲ್ಲಿ ಯಾವ ಮಾತು ಬಿಟ್ಟುಹೋಗುತ್ತದೆ ಎಂಬುದನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಅಠಾರಾ ಕಚೇರಿಯ ವಿಷಯ. 1864ರಿಂದ 1868ರವರೆಗೆ, ಕಮಿಷನರ್ ಬೌರಿಂಗ್ ಆಡಳಿತದ ಕಾಲದಲ್ಲಿ, ಎಂಜಿನಿಯರ್ ಸ್ಯಾಂಕಿಯವರ ಉಸ್ತುವಾರಿಯಲ್ಲಿ ಕಟ್ಟಿದ್ದು. ಅಲ್ಲಿಯವರೆಗೆ ಸರ್ಕಾರದ ಕಚೇರಿಗಳು ಕೋಟೆಯ ಟಿಪ್ಪು ಅರಮನೆಯಲ್ಲಿ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದವು. ಹದಿನೆಂಟು ಇಲಾಖೆಗಳಿಗೆ ಜಾಗ ಸಿಕ್ಕಿದ್ದರಿಂದ ‘ಅಠಾರಾ’ ಎಂಬ ಹೆಸರು. ಎರಡೇ ಅಂತಸ್ತು, ಗ್ರೀಕ್ ಮಾದರಿಯ ಕಂಬಗಳು, ಉದ್ದನೆಯ ವರಾಂಡಗಳು. ಶೈಲಿ ಯೂರೋಪಿನದು, ಆದರೆ ಬಿಸಿಲಿಗೂ ಗೋಡೆಗೂ ನಡುವೆ ಒಂದು ನೆರಳಿನ ಓಣಿ ಇರಬೇಕು ಎಂಬ ಬುದ್ಧಿ ನಮ್ಮ ನೆಲದ್ದು. ನಮ್ಮ ಹಳ್ಳಿಮನೆಯ ಜಗಲಿ ಮಾಡುವುದೂ ಇದೇ ಕೆಲಸವನ್ನಲ್ಲವೆ?

ಸ್ವಾತಂತ್ರ್ಯ ಬಂದಮೇಲೆ ಇದೇ ಕಟ್ಟಡ ಪರರ ಆಳ್ವಿಕೆಯ ಗುರುತಾಗಿ ಕಂಡಿತು. ಅದರ ಎದುರಿಗೇ ಅದನ್ನು ಮೀರಿಸುವಂಥ ಸೌಧವೊಂದು ಏಳಬೇಕೆಂಬ ಹಂಬಲ ಹುಟ್ಟಿತು. 1951ರ ಜುಲೈ 13ರಂದು ಪಂಡಿತ್ ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದಾಗ ಮನಸ್ಸಿನಲ್ಲಿದ್ದ ನಕ್ಷೆ ಸರಳವಾದದ್ದು. ಮರುವರ್ಷ ಮುಖ್ಯಮಂತ್ರಿಗಳಾಗಿ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನು ಬದಲಾಯಿಸಿದರು. ನಗರ ನೋಡಲು ಬಂದಿದ್ದ ರಷ್ಯಾದ ನಿಯೋಗವೊಂದು ‘ಇವೆಲ್ಲ ಯೂರೋಪಿನ ಕಟ್ಟಡಗಳು, ನಿಮ್ಮದೇ ವಾಸ್ತುಶಿಲ್ಪ ನಿಮಗಿಲ್ಲವೆ?’ ಎಂಬರ್ಥದ ಪ್ರಶ್ನೆ ಕೇಳಿತಂತೆ, ಅದು ಹನುಮಂತಯ್ಯನವರನ್ನು ಚುಚ್ಚಿತಂತೆ ಎಂದು ಹೇಳುವುದುಂಟು. ಬಿ.ಆರ್. ಮಾಣಿಕ್ಕಂ ಅವರ ನೇತೃತ್ವದಲ್ಲಿ ಹೊಸ ನಕ್ಷೆ ಸಿದ್ಧವಾಯಿತು. 1956ರ ಹೊತ್ತಿಗೆ 700 ಅಡಿ ಉದ್ದ, 350 ಅಡಿ ಅಗಲದ ಗ್ರಾನೈಟ್ ಸೌಧ ಎದ್ದು ನಿಂತಿತು. 60 ಅಡಿ ವ್ಯಾಸದ ಗುಮ್ಮಟ, 40 ಅಡಿ ಎತ್ತರದ ಹನ್ನೆರಡು ಕಂಬಗಳು, 45 ಮೆಟ್ಟಿಲು. ಕೆಲಸ ಮಾಡಿದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು.

ಅಂದೂ ಎಲ್ಲರೂ ಮೆಚ್ಚಲಿಲ್ಲ ಎಂಬುದನ್ನು ಈಗ ಮರೆತಿದ್ದೇವೆ. ಬಡ ದೇಶದಲ್ಲಿ ಕೋಟಿ ದಾಟಿದ ಖರ್ಚು ಯಾಕೆ ಎಂದು ಕೇಳಿದವರಿದ್ದರು. ವಾಸ್ತುಶಿಲ್ಪ ಬಲ್ಲವರು ಬೇರೆ ರೀತಿಯ ಆಕ್ಷೇಪ ಎತ್ತಿದರು. ದೇವಾಲಯದ ಕಂಬ, ಬೋದಿಗೆ, ಕಪೋತಗಳನ್ನು ಗುಮಾಸ್ತರ ಕೋಣೆಗೆ ಅಂಟಿಸಿದರೆ ಅದು ಪರಂಪರೆಯಾಗುವುದಿಲ್ಲ, ಅಲಂಕಾರವಾಗುತ್ತದೆ ಎಂಬುದು ಅವರ ವಾದ. ಆ ಕಾಲದಲ್ಲೇ ಪಂಜಾಬಿನ ಚಂಡೀಗಢದಲ್ಲಿ ಲ ಕಾರ್ಬೂಸಿಯೆ ಬೋಳು ಕಾಂಕ್ರೀಟಿನಲ್ಲಿ ಸಚಿವಾಲಯ ಕಟ್ಟುತ್ತಿದ್ದರು. ಒಂದೇ ದೇಶ, ಒಂದೇ ದಶಕ. ಹೊಸ ಗಣರಾಜ್ಯದ ಕಚೇರಿ ಹೇಗಿರಬೇಕೆಂಬ ಪ್ರಶ್ನೆಗೆ ಪರಸ್ಪರ ಬೆನ್ನು ತಿರುಗಿಸಿದ ಎರಡು ಉತ್ತರ.

ಆದರೂ ಜನ ವಿಧಾನಸೌಧವನ್ನು ತಮ್ಮದೆಂದು ಒಪ್ಪಿಕೊಂಡರು. ಮುಂಭಾಗದಲ್ಲಿ ಕೆತ್ತಿದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಹೆಮ್ಮೆಯಿಂದ ಓದುವವರೂ ಇದ್ದಾರೆ, ‘ದೇವರ ಕೆಲಸ, ಆದ್ದರಿಂದಲೇ ತಡ’ ಎಂದು ನಗುವವರೂ ಇದ್ದಾರೆ. ಕಟ್ಟಡದೊಂದಿಗೆ ಜನ ಹೀಗೆ ಸಲಿಗೆಯಿಂದ ಮಾತನಾಡುತ್ತಾರೆಂದರೆ ಅದು ಅವರ ಮನಸ್ಸಿನೊಳಗೆ ಇಳಿದಿದೆ ಎಂದೇ ಅರ್ಥ.

ಇನ್ನು ಎತ್ತರದ ಕಟ್ಟಡಗಳ ಸರದಿ. ಬಹುಮಹಡಿ ಕಚೇರಿ ಹುಟ್ಟಿದ್ದು ಶೈಲಿಯ ಹಂಬಲದಿಂದಲ್ಲ, ಎರಡು ಯಂತ್ರಶಾಸ್ತ್ರದ ಸಾಧನಗಳಿಂದ: ಒಂದು ಲಿಫ್ಟು, ಇನ್ನೊಂದು ಲೋಹದ ಚೌಕಟ್ಟು. ಗೋಡೆಯೇ ಭಾರ ಹೊರಬೇಕಾಗಿದ್ದಾಗ ಎತ್ತರ ಹೆಚ್ಚಿದಂತೆಲ್ಲ ಬುಡದ ಗೋಡೆ ದಪ್ಪವಾಗಬೇಕಿತ್ತು. ಚೌಕಟ್ಟು ಭಾರ ಹೊತ್ತಮೇಲೆ ಗೋಡೆಗೆ ಹೊದಿಕೆಯಾಗಿರುವ ಕೆಲಸ ಮಾತ್ರ ಉಳಿಯಿತು. ಅಮೆರಿಕದ ಚಿಕಾಗೊ ನಗರದ ಕೇಂದ್ರಭಾಗದಲ್ಲಿ 1885ರಲ್ಲಿ ಮುಗಿದ ಹೋಮ್ ಇನ್ಶೂರೆನ್ಸ್ ಕಟ್ಟಡವನ್ನು ಗಗನಚುಂಬಿಗಳ ಮೂಲಪುರುಷ ಎಂದು ಹಲವರು ಕರೆಯುತ್ತಾರೆ. ಅಂಥ ಕಟ್ಟಡವನ್ನೂ 1931ರಲ್ಲಿ ಇನ್ನೂ ಎತ್ತರದ್ದನ್ನು ಕಟ್ಟುವ ಸಲುವಾಗಿ ಕೆಡವಿದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿಗೆ ಈ ಎತ್ತರ ಬಂದದ್ದು 1970ರ ದಶಕದಲ್ಲಿ. ಇಪ್ಪತ್ತೈದು ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಬಹಳ ಕಾಲ ನಗರದ ಅತಿ ಎತ್ತರದ ಕಟ್ಟಡವಾಗಿತ್ತು. ಊರಿಂದ ಬಂದ ನೆಂಟರನ್ನು ಕರೆದೊಯ್ದು ತಲೆಯೆತ್ತಿ ತೋರಿಸುತ್ತಿದ್ದ ಸ್ಥಳ. ಅದೇ ದಶಕದಲ್ಲಿ ಜೀವ ವಿಮಾ ನಿಗಮಕ್ಕಾಗಿ ಚಾರ್ಲ್ಸ್ ಕೊರಿಯಾ ಅವರು ವಿಶ್ವೇಶ್ವರಯ್ಯ ಕೇಂದ್ರದ ವಿನ್ಯಾಸ ಮಾಡಿದರು. ಕೊರಿಯಾ ನಮ್ಮ ದೇಶದ ಹಿರಿಯ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಕಟ್ಟಡದ ರೂಪ ಅದು ನಿಂತ ಜಾಗದ ಹವೆಯಿಂದ ಹುಟ್ಟಬೇಕೆಂದು ಜೀವನವಿಡೀ ವಾದಿಸಿದವರು. ಹೊರಮೈಗೆ ಥಳಕು ಬಳಿಯದ ಈ ಬಗೆಯ ಕಟ್ಟಡಗಳನ್ನು ವಾಸ್ತುಶಾಲೆಯ ವಿದ್ಯಾರ್ಥಿಗಳು ಗೌರವದಿಂದ ನೋಡುತ್ತಾರೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಮಳೆಗಾಲದ ಕಪ್ಪು ಕಲೆ ಮಾತ್ರ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ನಕ್ಷೆ ನೋಡುತ್ತಿದ್ದಾರೆ, ಇನ್ನೊಬ್ಬರು ನಿರ್ವಹಣೆ ನೋಡುತ್ತಿದ್ದಾರೆ.

1990ರ ದಶಕದ ಆರ್ಥಿಕ ಬದಲಾವಣೆಯ ನಂತರ ಗಾಜು ಬಂತು. 2005ರಲ್ಲಿ ವಿಕಾಸಸೌಧ ಉದ್ಘಾಟನೆಯಾದಾಗ ಸರ್ಕಾರ ಹಿಂದಿನದನ್ನೇ ಅನುಕರಿಸಿತು, 2008ರಲ್ಲಿ ಯು.ಬಿ. ಸಿಟಿ ತೆರೆದಾಗ ಖಾಸಗಿ ಬಂಡವಾಳ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನು ನೆನಪಿಸುವ ಗೋಪುರ ಎಬ್ಬಿಸಿತು. ಒಂದು ನಮ್ಮ ನಿನ್ನೆಯ ನಕಲು, ಇನ್ನೊಂದು ಪರರ ನಿನ್ನೆಯ ನಕಲು ಎಂದು ಟೀಕಿಸುವವರಿದ್ದಾರೆ. ಸಮರ್ಥಿಸುವವರ ಮಾತೂ ತೂಕದ್ದೇ. ವಿಧಾನಸೌಧದ ಪಕ್ಕದಲ್ಲಿ ಬೇರೆ ಯಾವ ಮುಖ ನಿಲ್ಲಿಸಿದ್ದರೂ ಜಗಳವಾಡಿದಂತೆ ಕಾಣುತ್ತಿತ್ತು ಎಂಬುದು ಒಂದು ಕಡೆಯವರ ಉತ್ತರ. ಯು.ಬಿ. ಸಿಟಿಯ ವಿಷಯದಲ್ಲಿ, ನಡುವಿನ ಬಯಲು, ಮೆಟ್ಟಿಲುಸಾಲಿನ ರಂಗಸ್ಥಳ ಇವು ಜನ ಕೂಡುವುದಕ್ಕೆ ಜಾಗ ಕೊಟ್ಟಿವೆಯಲ್ಲ ಎಂಬುದು ಇನ್ನೊಂದು ಕಡೆಯವರ ಉತ್ತರ.

ಇಷ್ಟೆಲ್ಲ ವಾದಗಳನ್ನು ಕೇಳಿದಾಗ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲರೂ ಮಾತನಾಡುವುದು ಮುಖದ ವಿಷಯ. ಇದಕ್ಕೆ ನಮ್ಮ ಮಾಧ್ಯಮದ ಸ್ವಭಾವವೂ ಸ್ವಲ್ಪ ಕಾರಣ. ಸರ್ಕಾರದ ಸುದ್ದಿ ಎಂದರೆ ಗುಮ್ಮಟ, ತಂತ್ರಜ್ಞಾನದ ಸುದ್ದಿ ಎಂದರೆ ಗಾಜಿನ ಗೋಡೆ, ನ್ಯಾಯದ ಸುದ್ದಿ ಎಂದರೆ ಕೆಂಪು ಕಂಬ. ಮೂರು ಸೆಕೆಂಡಿನ ದೃಶ್ಯಕ್ಕೆ ಮುಖ ಸಾಕು. ಆದರೆ ಆ ಕಟ್ಟಡದೊಳಗೆ ಬದುಕಿನ ಮೂವತ್ತು ವರ್ಷ ಕಳೆಯುವ ನೌಕರರಿಗೆ ಮುಖ ಸಾಲದು. ಕಡತ ಎಲ್ಲಿದೆ ಎಂದು ಕೇಳಲು ದೂರದ ತಾಲ್ಲೂಕಿನಿಂದ ರಾತ್ರಿ ಬಸ್ಸು ಹತ್ತಿ ಬಂದವರಿಗೂ ಸಾಲದು.

ನಾನು ಪದವಿಗೆ ಓದಿದ್ದು ಭೌತಶಾಸ್ತ್ರ. ಆದ್ದರಿಂದ ಕಟ್ಟಡ ನೋಡಿದಾಗ ಮೊದಲು ಸೂರ್ಯ ಯಾವ ಕಡೆಗಿದ್ದಾನೆ ಎಂದು ಹುಡುಕುವುದು ಅಭ್ಯಾಸವಾಗಿದೆ. ಈ ದೃಷ್ಟಿಯಿಂದ ಸ್ವಲ್ಪ ಲೆಕ್ಕ ಹಾಕೋಣ, ತಾವು ಬೇಸರಿಸಬಾರದು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ನಂತರ ಒಂದೊಂದು ದಿನ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ಮಧ್ಯಾಹ್ನ 53 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಅಂದರೆ ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಹಾಕಿದರೆ ಆ ಹೊತ್ತಿನಲ್ಲಿ ಎರಡೂವರೆ ಅಡಿಗಿಂತ ಹೆಚ್ಚು ಎತ್ತರಕ್ಕೆ ನೆರಳು ಬೀಳುತ್ತದೆ. ಪಶ್ಚಿಮದ ಕಿಟಕಿಯ ಕಥೆ ಬೇರೆ. ಮಾರ್ಚ್ ಉತ್ತರಾರ್ಧದ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೇ ಎರಡಡಿಯ ಸಜ್ಜಾ ಆಗ ಒಂದಡಿ ಚಿಲ್ಲರೆ ನೆರಳು ಮಾತ್ರ ಕೊಡುತ್ತದೆ. ಉಳಿದ ಬಿಸಿಲು ನೇರ ಮೇಜಿನ ಮೇಲೆ. ಆದ್ದರಿಂದ ನಮ್ಮ ಊರಿನಲ್ಲಿ ಕಟ್ಟಡದ ಉದ್ದನೆಯ ಮೈ ಉತ್ತರ-ದಕ್ಷಿಣಕ್ಕೆ ಮುಖ ಮಾಡಿರಬೇಕು, ಪೂರ್ವ-ಪಶ್ಚಿಮದ ಮೈ ಚಿಕ್ಕದಿರಬೇಕು.

ಈ ಪರೀಕ್ಷೆಯಲ್ಲಿ ವಿಧಾನಸೌಧಕ್ಕೂ ಪೂರ್ಣ ಅಂಕ ಬರುವುದಿಲ್ಲ. ಅದರ ಏಳುನೂರು ಅಡಿಯ ಮುಖ ಇರುವುದು ಪೂರ್ವಕ್ಕೆ. ಆದರೆ ದಪ್ಪ ಕಲ್ಲಿನ ಗೋಡೆ ಒಂದು ಉಪಕಾರ ಮಾಡುತ್ತದೆ. ಕಲ್ಲು ಬಿಸಿಯಾಗಲು ಹೊತ್ತು ಬೇಕು. ಹೊರಗಿನ ಬಿಸಿಲು ಗೋಡೆ ದಾಟಿ ಒಳಗೆ ಬರುವುದು ಹಲವು ಗಂಟೆಗಳ ನಂತರ, ಕಚೇರಿ ಬಾಗಿಲು ಹಾಕುವ ಹೊತ್ತಿಗೆ. ಗಾಜು ಇದಕ್ಕೆ ತದ್ವಿರುದ್ಧ. ಸೂರ್ಯನ ಬೆಳಕನ್ನು ಅದು ತಕ್ಷಣ ಒಳಗೆ ಬಿಡುತ್ತದೆ. ಒಳಗಿನ ಮೇಜು, ನೆಲ, ಕಡತಗಳು ಅದನ್ನು ಹೀರಿ ಬಿಸಿಯಾಗಿ ಮರಳಿ ಹೊರಡಿಸುವ ಉಷ್ಣಕಿರಣಗಳ ತರಂಗಾಂತರ ಹೆಚ್ಚು ಉದ್ದದ್ದು. ಅದನ್ನು ಗಾಜು ಹೊರಗೆ ಬಿಡುವುದಿಲ್ಲ. ಬಂದ ಅತಿಥಿ ಹೊರಡುವುದೇ ಇಲ್ಲ. ಅವನನ್ನು ಹೊರಗೆ ಕಳಿಸಲು ಎ.ಸಿ. ಬೇಕು, ಎ.ಸಿ.ಗೆ ವಿದ್ಯುತ್ ಬೇಕು, ವಿದ್ಯುತ್ ಹೋದರೆ ಜನರೇಟರ್ ಬೇಕು. ಎ.ಸಿ. ಹೊರಗೆ ಉಗುಳಿದ ಬಿಸಿಗಾಳಿ ಫುಟ್‌ಪಾತಿನಲ್ಲಿ ನಡೆಯುವವರ ಪಾಲು.

ಇಲ್ಲಿ ಗಾಜಿನ ಪಕ್ಷದವರ ಮಾತನ್ನೂ ಕೇಳಬೇಕು. ಇಂದು ಎರಡು ಪದರದ ಗಾಜುಗಳಿವೆ, ಉಷ್ಣವನ್ನು ತಡೆಯುವ ಲೇಪನಗಳಿವೆ. ಹಳೆಯ ಟೀಕೆ ಈಗ ಪೂರ್ತಿ ಸಲ್ಲದು ಎನ್ನುತ್ತಾರೆ. ನಿಜ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ಇಂಥ ವಿಷಯಗಳಿಗೆ ಮಿತಿ ಹಾಕಿದೆ. ಗಾಜಿನ ಕಟ್ಟಡ ಬೇಗ ಏಳುತ್ತದೆ, ನಗರದ ನಡುವಿನ ದುಬಾರಿ ನೆಲದಲ್ಲಿ ಗೋಡೆಯ ದಪ್ಪಕ್ಕೆ ಜಾಗ ಹಾಳಾಗುವುದಿಲ್ಲ, ಬೆಳಕು ಧಾರಾಳ ಎಂದೂ ಹೇಳುತ್ತಾರೆ. ಮೊದಲಿನ ಎರಡು ಮಾತು ಸರಿ. ಮೂರನೆಯದನ್ನು ಮಾತ್ರ ಪರೀಕ್ಷಿಸಬೇಕು. ಹಗಲುಬೆಳಕು ಒಳಗೆ ಕೆಲಸಕ್ಕೆ ಬರುವಷ್ಟು ತಲಪುವುದು ಕಿಟಕಿಯ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ. ಅದರಾಚೆ ಕೂತವರಿಗೆ ಗೋಡೆ ಗಾಜಿನದಾದರೂ ಒಂದೇ, ಇಟ್ಟಿಗೆಯದಾದರೂ ಒಂದೇ. ಗಾಜಿನ ಪಕ್ಕ ಕೂತವರೋ ಕಣ್ಣು ಕುಕ್ಕುತ್ತದೆಂದು ಪರದೆ ಎಳೆಯುತ್ತಾರೆ. ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿ, ಬೆಳಕಿನ ಅರಮನೆಯಲ್ಲಿ ಕೂತಿದ್ದೇವೆ ಎನ್ನುವುದು ವಿಚಿತ್ರವಲ್ಲವೆ?

ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ, ಫ್ಯಾನೂ ಬೇಡದ ಊರು ಎಂದು ಹೆಸರು ಪಡೆದಿದ್ದ ಬೆಂಗಳೂರಿಗೆ ಇದು ಕೇವಲ ವಿದ್ಯುತ್ ಬಿಲ್ಲಿನ ಪ್ರಶ್ನೆಯಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. ಅದಕ್ಕೆ ಕಾರಣ ಗಾಜೊಂದೇ ಅಲ್ಲ; ಮರ ಹೋದದ್ದು, ಕೆರೆ ಹೋದದ್ದು, ಡಾಂಬರು ಬಂದದ್ದು ಎಲ್ಲ ಸೇರಿವೆ. ಆದರೆ ಕಾಯುತ್ತಿರುವ ಬಾಣಲೆಗೆ ಕಟ್ಟಡಗಳೂ ಸೌದೆ ಒಟ್ಟಬೇಕೆ ಎಂದು ಕೇಳುವುದು ತಪ್ಪಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. 2010ರ ಫೆಬ್ರವರಿ 23ರಂದು ನಗರದ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಬೆಂಕಿ ಹೊತ್ತಿ ಹೊಗೆ ತುಂಬಿಕೊಂಡಿತು. ಒಳಗಿದ್ದವರು ಉಸಿರಿಗಾಗಿ ಗಾಜು ಒಡೆದರು. ಕೆಲವರು ಕೆಳಗೆ ಹಾರಿದರು. ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಆ ದಿನ ಆ ಕಟ್ಟಡದ ಶೈಲಿ ಯಾವುದು ಎಂದು ಯಾರೂ ಕೇಳಲಿಲ್ಲ. ಮೆಟ್ಟಿಲು ಎಲ್ಲಿ, ಬಾಗಿಲು ತೆರೆಯುತ್ತದೆಯೆ, ಕಿಟಕಿ ತೆರೆಯುತ್ತದೆಯೆ ಎಂಬ ಪ್ರಶ್ನೆಗಳೇ ಉಳಿದವು. ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆಗಳು ಅವು.

ಹಾಗಾದರೆ ಅಂದಚೆಂದ ಬೇಡವೆ? ಬೇಕು, ಖಂಡಿತ ಬೇಕು. ಬರೀ ಉಷ್ಣಮಾಪಕ ಹಿಡಿದು ಊರು ಕಟ್ಟಲಾಗದು. ನಗರದ ನಡುವಿನ ಕಟ್ಟಡಕ್ಕೆ ಒಬ್ಬ ಮಾಲೀಕನಿರಬಹುದು, ಆದರೆ ಅದರ ಹೊರಮೈ ಎಲ್ಲರ ಸೊತ್ತು. ಬೇಡವೆಂದರೂ ದಿನಾ ನೋಡಬೇಕಾದ ಚಿತ್ರ ಅದು. ನಾನು ಹೇಳುವುದು ಇಷ್ಟೆ: ಅಂದದ ಜಗಳವನ್ನು ಶೈಲಿಯ ಹೆಸರಿನಲ್ಲಿ ಆಡಿದರೆ ಅದು ಮುಗಿಯುವುದಿಲ್ಲ. ದ್ರಾವಿಡವೋ ಗ್ರೀಕೋ ಗಾಜೋ ಎಂಬುದನ್ನು ಬದಿಗಿಟ್ಟು ಮೂರು ಜಾಗಗಳಲ್ಲಿ ನಿಂತು ನೋಡಿ. ಒಂದು, ರಸ್ತೆಯಲ್ಲಿ ನಿಂತು: ಈ ಕಟ್ಟಡ ನಡೆಯುವವರಿಗೆ ಒಂದು ಮರವನ್ನು, ನೆರಳನ್ನು, ಕೂರುವ ಕಟ್ಟೆಯನ್ನು ಕೊಟ್ಟಿದೆಯೆ, ಇಲ್ಲ ಬರೀ ಕಾಂಪೌಂಡು, ಕಾವಲುಗಾರ ಮತ್ತು ಕಾರಿನ ಹೆಬ್ಬಾಗಿಲನ್ನೆ? ಎರಡು, ಒಳಗಿನ ಮೇಜಿನ ಮುಂದೆ ಕೂತು: ಕರೆಂಟು ಹೋದಾಗ ಇಲ್ಲಿ ಒಂದು ಗಂಟೆ ಕೆಲಸ ಮಾಡಬಹುದೆ? ಮೂರು, ಅರ್ಜಿ ಹಿಡಿದು ಸಾಲಿನಲ್ಲಿ ನಿಂತು: ವಯಸ್ಸಾದವರು ಹತ್ತಬಲ್ಲ ದಾರಿ, ಕುಡಿಯುವ ನೀರು, ಶೌಚಾಲಯ ಇವೆಯೆ? ವಿಧಾನಸೌಧದ 45 ಮೆಟ್ಟಿಲುಗಳ ಭವ್ಯತೆಯನ್ನು ನಾನು ಮೆಚ್ಚುತ್ತೇನೆ. ಮಂಡಿನೋವಿನ ಅಜ್ಜಿಗೆ ಆ ಭವ್ಯತೆ ಬೇರೆಯಾಗಿ ಕಾಣುತ್ತದೆ ಎಂಬುದೂ ಗೊತ್ತು.

ಕೊನೆಯದಾಗಿ, ಈ ಮಾತುಗಳೆಲ್ಲ ಯಾಕೆ ಮುಖ್ಯವೆಂದರೆ, ಅಭಿಪ್ರಾಯ ಬದಲಾಗುತ್ತದೆ, ಕೆಡವಿದ ಕಟ್ಟಡ ಮರಳುವುದಿಲ್ಲ. 1980ರ ದಶಕದ ಆರಂಭದಲ್ಲಿ ಅಠಾರಾ ಕಚೇರಿ ಹಳತಾಯಿತು, ಜಾಗ ಸಾಲದು ಎಂದು ಅದನ್ನು ಕೆಡವುವ ಪ್ರಸ್ತಾಪ ಬಂತು. ಅವು ಹುರುಳಿಲ್ಲದ ಕಾರಣಗಳೇನಲ್ಲ. ನ್ಯಾಯಾಲಯದ ಕೆಲಸ ನಿಜಕ್ಕೂ ಬೆಳೆದಿತ್ತು. ಆದರೆ ಊರಿನ ಜನ ವಿರೋಧಿಸಿದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಆ ನ್ಯಾಯಾಲಯ ಇದ್ದದ್ದು ಅದೇ ಕಟ್ಟಡದಲ್ಲಿ. ತನ್ನ ಅಳಿವು ಉಳಿವಿನ ವಾದವನ್ನು ಆ ಕೆಂಪು ಗೋಡೆಗಳೇ ಕೇಳಿಸಿಕೊಂಡವು. ಕಟ್ಟಡ ಉಳಿಯಿತು, ಹೊಸ ಭಾಗಗಳು ಅದಕ್ಕೆ ಸೇರಿಕೊಂಡವು. ಮೂವತ್ತು ವರ್ಷಗಳ ಹಿಂದೆ ಯಾವುದನ್ನು ಮೀರಿಸಬೇಕೆಂದು ಎದುರಿಗೆ ಸೌಧ ಕಟ್ಟಿದೆವೋ, ಅದನ್ನೇ ಉಳಿಸಬೇಕೆಂದು ಹೋರಾಡಿದೆವು. ಚಿಕಾಗೊದವರು 1931ರಲ್ಲಿ ಕಳೆದುಕೊಂಡದ್ದನ್ನು ನಾವು ಕಳೆದುಕೊಳ್ಳಲಿಲ್ಲ.

ಈಗ ಸರದಿ 1970ರ ದಶಕದ ಕಾಂಕ್ರೀಟ್ ಕಟ್ಟಡಗಳದ್ದು. ಅವಕ್ಕೆ ಐವತ್ತು ತುಂಬಿದೆ. ಹಳತು ಎನ್ನಲು ವಯಸ್ಸಾಗಿದೆ, ಪಾರಂಪರಿಕ ಎನ್ನಲು ವಯಸ್ಸಾಗಿಲ್ಲ. ಕಟ್ಟಡಕ್ಕೆ ಅತಿ ಅಪಾಯದ ಪ್ರಾಯ ಇದು. ಯಾರಿಗೂ ಮುದ್ದು ಬರದ ಹೊತ್ತು. ಅವುಗಳಲ್ಲಿ ಕೆಲವು ಹೋಗಬೇಕಾದವೇ ಇರಬಹುದು. ಕೆಲವಕ್ಕೆ ಸುಣ್ಣಬಣ್ಣ, ಒಂದು ಒಳ್ಳೆಯ ಮೆಟ್ಟಿಲು, ನಾಲ್ಕು ಸಜ್ಜಾ ಸಾಕಾಗಬಹುದು. ಯಾವುದು ಯಾವುದೆಂದು ತೀರ್ಮಾನಿಸುವ ದಿನ, ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಮಾತಿನ ಮೇಲೆ ಮೊಹರು ಬೀಳಬಾರದು. ಮುಂದಿನ ಸಲ ತಾವು ಯಾವುದಾದರೂ ಕಚೇರಿಗೆ ಕೆಲಸದ ಮೇಲೆ ಹೋದಾಗ, ಟೋಕನ್ ಸಂಖ್ಯೆ ಕೂಗುವವರೆಗೆ ಹೇಗೂ ಕಾಯಬೇಕಲ್ಲ, ಸುತ್ತ ನೋಡಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ? ಬೆಳಕು ಎಲ್ಲಿಯವರೆಗೆ ಬಂದು ನಿಂತಿದೆ? ತುರ್ತಿನ ಬಾಗಿಲಿಗೆ ಬೀಗವಿದೆಯೆ? ಇಷ್ಟನ್ನು ನೋಡಿದ ಮೇಲೆ ಕಟ್ಟಡ ಚೆಂದವೋ ಅಲ್ಲವೋ ಹೇಳಿ. ಆಗಲೂ ನಮ್ಮ ಅಭಿಪ್ರಾಯಗಳು ಬೇರೆ ಬೇರೆಯಾಗಿರಬಹುದು. ಆದರೆ ಅವು ಮುಖ ನೋಡಿ ಹಾಕಿದ ಮಣೆಗಳಾಗಿರುವುದಿಲ್ಲ.